ಮನೆಗೆ ಬಂದ ಧೂಮಕೇತು

ನಾನು ಹುಟ್ಟಿದ್ದು 2003ರಲ್ಲಿ. ಬರಗಾಲದ ವರ್ಷ. ಮಳವಳ್ಳಿ ಕಡೆ, ನಾಲೆಯ ಕೊನೇ ಭಾಗದಲ್ಲಿರೋ ನಮ್ಮ ಗದ್ದೆಗೆ ನೀರು ಬರಲೇ ಇಲ್ಲ. ಬೋರ್‌ವೆಲ್ಲೂ ಬತ್ತಿಹೋಯ್ತು. ತೊಟ್ಟಿಲಲ್ಲಿದ್ದ ನನ್ನ ನೋಡಿ ಅಜ್ಜಿ ಅಂದ್ರಂತೆ: "ಮನೆಗೆ ಧೂಮಕೇತು ಬಂದಂಗೆ ಬಂತು ಕಣವ್ವ ಇದು."

ಆ ಹೆಸರು ಅಂಟಿಕೊಂಡೇಬಿಡ್ತು. ಲೋಟ ಒಡೆದ್ರೂ ಧೂಮಕೇತು, ಹಸು ಹಾಲು ಕಡಿಮೆ ಕೊಟ್ರೂ ಧೂಮಕೇತು. ಎಲ್ಲರೂ ನಗ್ತಿದ್ರು, ನಾನೂ ನಗ್ತಿದ್ದೆ. ಆದ್ರೆ ಅಪ್ಪ ಸಾಲದ ಮಾತು ಎತ್ತಿದಾಗೆಲ್ಲ ಸುಮ್ಮನೆ ಎದ್ದು ಒಳಗೆ ಹೋಗ್ತಿದ್ದೆ.

2024ರ ಸೆಪ್ಟೆಂಬರ್ ಕೊನೆ. ಮಂಡ್ಯದ ಕಾಲೇಜಿಗೆ ಹೋಗೋಕೆ ಬೆಳಗಿನ ಜಾವದ ಬಸ್ಸು ಹಿಡಿದು, ಮದ್ದೂರಲ್ಲಿ ಬದಲಿಸಬೇಕು. ಸ್ಟಾಪಿನ ಎದುರು ಭತ್ತದ ಬಯಲು. ಅದರಾಚೆ ಪೂರ್ವದಲ್ಲಿ, ಸೀಮೆಸುಣ್ಣದಲ್ಲಿ ಗೀಚಿ ಬೆರಳಲ್ಲಿ ಒರೆಸಿದ ಹಾಗೆ ಒಂದು ಗೆರೆ. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು! (ಮೊದಲನೇ ಫೋಟೊ ಅದೇ. ಕೈ ನಡುಗಿದೆ, ಬಯ್ಯಬೇಡಿ.)

ಬಸ್ಸಲ್ಲಿ ಕೂತು ನನ್ನ ಹೆಸರಿನ ಬಗ್ಗೆ ಓದೋಕೆ ಶುರು ಮಾಡಿದೆ.

ಧೂಮಕೇತು ಅಂದ್ರೆ ಐಸು, ದೂಳು ಸೇರಿದ ಉಂಡೆ. ನಾಸಾದ ಸ್ಟಾರ್‌ಡಸ್ಟ್ ನೌಕೆ ವೈಲ್ಡ್-2 ಧೂಮಕೇತುವಿನ ದೂಳನ್ನ 2006ರಲ್ಲಿ ಭೂಮಿಗೆ ತಂತು. ಅದರಲ್ಲಿ ಗ್ಲೈಸಿನ್ ಸಿಕ್ತು. ನಮ್ಮ ಮೈಯ ಪ್ರೋಟೀನ್ ಕಟ್ಟೋ ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅದು.

ಡಿಕ್ಕಿ ಹೊಡೆದಾಗ ಇವೆಲ್ಲ ಸುಟ್ಟುಹೋಗಲ್ವಾ ಅಂತ ನನಗೂ ಅನ್ನಿಸ್ತು. 2013ರಲ್ಲಿ ಬ್ರಿಟನ್ನಿನಲ್ಲಿ ಅದನ್ನೇ ಪರೀಕ್ಷೆ ಮಾಡಿದ್ರು. ಅಮೋನಿಯಾ, ಮೆಥನಾಲ್, ಇಂಗಾಲದ ಡೈಆಕ್ಸೈಡ್ ಬೆರೆಸಿದ ಐಸಿಗೆ ಸೆಕೆಂಡಿಗೆ ಸುಮಾರು 7 ಕಿ.ಮೀ. ವೇಗದಲ್ಲಿ ಉಕ್ಕಿನ ಗುಂಡು ಹೊಡೆದ್ರು. ಆ ವೇಗಕ್ಕೆ ಮಳವಳ್ಳಿಯಿಂದ ಮದ್ದೂರು ನಾಲ್ಕು ಸೆಕೆಂಡಿನ ದಾರಿ. ಮೊದಲು ಇಲ್ಲದ ಅಮೈನೋ ಆಮ್ಲಗಳು ಆ ಏಟಿನಿಂದ ಹುಟ್ಟಿದ್ವು.

ಇನ್ನೊಂದು ಪ್ರಯೋಗದಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿನೂ ಇದೆ. ಅಹಮದಾಬಾದಿನ ಪಿಆರ್‌ಎಲ್ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ್ದು. ಶಾಕ್ ಟ್ಯೂಬ್ ಅನ್ನೋ ಉದ್ದನೆ ಕೊಳವೆಯೊಳಗೆ ಅಮೈನೋ ಆಮ್ಲದ ಪುಡಿಗೆ ಆಘಾತದ ಅಲೆ ಬಡಿಸಿದ್ರು. ಭಯಂಕರ ಬಿಸಿ, ತಕ್ಷಣ ತಂಪು, ಎಲ್ಲ ಸೇರಿ ಸುಮಾರು 2 ಮಿಲಿಸೆಕೆಂಡು. ಮೈಕ್ರೊಸ್ಕೋಪಲ್ಲಿ ನೋಡಿದ್ರೆ ಪುಡಿ ದಾರದಂಥ ಎಳೆಗಳಾಗಿ ಹೆಣೆದುಕೊಂಡಿತ್ತು. ಆಲೆಮನೇಲಿ ಕುದ್ದ ಪಾಕ ಆರಿ ಅಚ್ಚಲ್ಲಿ ಬೆಲ್ಲವಾಗಿ ಕೂರಲ್ವಾ, ನನಗೆ ಅದೇ ನೆನಪಾಯ್ತು.

ಹಾಗಂತ ಜೀವವನ್ನ ಧೂಮಕೇತುನೇ ತಂತು ಅಂತ ಯಾರೂ ಸಾಬೀತು ಮಾಡಿಲ್ಲ. ಇಟ್ಟಿಗೆ ಬಂದು ಬಿದ್ದ ಮಾತ್ರಕ್ಕೆ ಮನೆ ಎದ್ದು ನಿಲ್ಲಲ್ಲ. ಇಟ್ಟಿಗೆ ಹೀಗೂ ಬಂದಿರಬಹುದು, ಅಷ್ಟೇ.

ಸಂಜೆ ಫೋಟೊ ತೋರಿಸಿ ಅಜ್ಜಿಗೆ ಎಲ್ಲ ಹೇಳಿದೆ. ಕಣ್ಣು ಕಿರಿದು ಮಾಡಿ ನೋಡಿದ್ರು. "ಇಷ್ಟೇನಾ ಇದು?"

ಇಪ್ಪತ್ತೊಂದು ವರ್ಷ ನುಂಗಿದ್ದ ಮಾತು ಆಗ ಬಾಯಿಗೆ ಬಂತು. "ಆ ವರ್ಷ ಮಳೆ ಕೈಕೊಟ್ಟಿತ್ತು ಅಜ್ಜಿ. ನಾನೇನೂ ಮಾಡಿರಲಿಲ್ಲ."

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕೈ ಹಿಡ್ಕೊಂಡು, "ಗೊತ್ತು ಕಣವ್ವ. ಮಳೇನ ಬಯ್ದ್ರೆ ಅದಕ್ಕೆ ಕೇಳಿಸ್ತದಾ?" ಅಂದ್ರು.

ಮಾರನೇ ದಿನ ಬೆಳಗ್ಗೆ ಅದೇ ದನಿ: "ಏಯ್ ಧೂಮಕೇತು, ಬಸ್ಸು ಬಂತು, ಓಡು!"

ಓಡಿದೆ.

ನಿಮ್ಮ ಮನೇಲೂ ನಿಮಗೆ ಇಂಥದ್ದೊಂದು ಹೆಸರು ಅಂಟಿಸಿದಾರಾ? ಕೆಳಗೆ ಬರೀರಿ, ಎಲ್ಲಾನೂ ಓದ್ತೀನಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಧೂಮಕೇತು