ಯಾವಗಲ್ಲಿನ ಶೆಡ್ಡಿನಲ್ಲಿ ಬಿಚ್ಚಿಟ್ಟ ಇಂಜಿನ್

ತಗಡಿನ ಚಾವಣಿ ಕಾದು ಕಟಕಟ ಅನ್ನುತ್ತಿದೆ. ಒಳಗೆ ಕಾಲಿಟ್ಟ ಕೂಡಲೇ ಸುಟ್ಟ ಆಯಿಲಿನ ವಾಸನೆ ಮೂಗಿಗೆ ಅಡರುತ್ತದೆ. ಯುಗಾದಿ ಆಗಿಹೋಗಿದೆ, ಕಡಲೆ, ಬಿಳಿಜೋಳ ಮನೆ ಸೇರಿವೆ, ಹೆಸರು ಬಿತ್ತುವುದಕ್ಕೆ ಮಳೆ ಬರಬೇಕು. ಬೆಣ್ಣೆಹಳ್ಳದ ಸೀಮೆಯ ಎರೆ ಹೊಲಗಳು ಬಿರುಕುಬಿಟ್ಟು ಬಿದ್ದಿವೆ. ಯಾವಗಲ್ ಕಡೆಯವರು ಟ್ರ್ಯಾಕ್ಟರಿನ ಇಂಜಿನ್ ಇಳಿಸುವುದು ಇಂಥ ಹೊತ್ತಿನಲ್ಲೇ.

ನೆಲದ ಮೇಲೆ ಹಾಸಿದ ಗೋಣಿತಟ್ಟಿನ ಮೇಲೆ ಮೂರು ಪಿಸ್ಟನ್, ಮೂರು ಕನೆಕ್ಟಿಂಗ್ ರಾಡ್. ಪಕ್ಕದ ಪರಾತದ ತುಂಬ ಡೀಸೆಲ್, ಅದರಲ್ಲಿ ಮುಳುಗಿದ ನಟ್ಟು ಬೋಲ್ಟು. ಮಿಸ್ತ್ರಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಟ್ರ್ಯಾಕ್ಟರಿನ ಮಾಲೀಕ ಇನ್ನೂ ಹರೆಯದ ಹುಡುಗ, ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದಾನೆ. ಕರಕಿ ಕೀಳಲು ರಂಟಿ ಹೊಡೆಯುವಾಗ ಬಂಡಿ ದಮ್ಮು ಕಟ್ಟುತ್ತದೆ ಅನ್ನುವುದು ಅವನು ಹೇಳುವ ಕಾರಣ. ಜಾತ್ರೆಗಳಲ್ಲಿ ನಡೆಯುವ ಟ್ರ್ಯಾಕ್ಟರ್ ಜಗ್ಗುವ ಪಂದ್ಯ ಅವನು ಹೇಳದೆ ಉಳಿಸಿಕೊಂಡ ಕಾರಣ. ಶೆಡ್ಡಿನಲ್ಲಿದ್ದವರಿಗೆಲ್ಲ ಅದು ಗೊತ್ತು.

"ಕಾಕಾ, ಈ ಸಲ ಫೋರ್ಜ್ಡ್ ಪಿಸ್ಟನ್ನ ಹಾಕೂಣ್ರಿ. ರಾಡೂ ಫೋರ್ಜ್ಡ್ ಇರ್ಲಿ. ರೊಕ್ಕ ಆದ್ರ ಆಗ್ಲಿ."

"ರಾಡ್ ಮೊದಲ ಫೋರ್ಜ್ಡ್ ಐತೋ ತಮ್ಮಾ. ಕಂಪನ್ಯಾಗ ಹುಟ್ಟೂ ಮುಂದನ."

ಮಿಸ್ತ್ರಿ ಒಂದು ರಾಡನ್ನು ಎತ್ತಿ ನಿಮ್ಮ ಕೈಗೇ ಕೊಡುತ್ತಾನೆ. ಭಾರ ಇದೆ. ಬದಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ: ಉದ್ದಕ್ಕೂ ಒಂದು ಅಗಲ ಪಟ್ಟಿ, ಯಾರೋ ಕತ್ತರಿಸಿ ತೀಡಿದಂತೆ. ಕೆಂಪಗೆ ಕಾದ ಉಕ್ಕನ್ನು ಎರಡು ಅಚ್ಚುಗಳ ನಡುವೆ ಜಜ್ಜಿದಾಗ ಅಂಚಿಗೆ ಉಕ್ಕಿ ಬಂದ ಹೆಚ್ಚುವರಿ ಲೋಹವನ್ನು ಕತ್ತರಿಸಿದ ಗುರುತು ಅದು. ಫೋರ್ಜ್ಡ್ ಅನ್ನುವುದು ಹೀಗೆ ಜಜ್ಜಿ ಮಾಡಿದ್ದಕ್ಕೇ. ಎರಕ ಹೊಯ್ದ ರಾಡಿನಲ್ಲಾದರೆ ಅಲ್ಲಿ ಸಣ್ಣ ಗೆರೆ ಮಾತ್ರ ಕಾಣುತ್ತದೆ. ಕಂಬಾರಸಾಲಿಯಲ್ಲಿ ಕುಡ ಬಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಡಿದಷ್ಟೂ ಕಬ್ಬಿಣದೊಳಗಿನ ಎಳೆ ಕುಡದ ಆಕಾರ ಹಿಡಿದೇ ಹರಿಯುತ್ತದೆ, ಎರಕದ ಒಳಗೆ ಉಳಿಯಬಹುದಾದ ಗಾಳಿಗುಳ್ಳೆ ಇದರಲ್ಲಿ ಉಳಿಯುವುದಿಲ್ಲ. ಬೆಳಗಾವಿ ಕಡೆಯ ಹತ್ತರಗಿಯಲ್ಲಿ, ಏಕಸ್ ಕಂಪನಿಯ ಆವರಣದಲ್ಲಿ ವಿಮಾನದ ಬಿಡಿಭಾಗಗಳಿಗೆ ಮಾಡುವುದೂ ಇದನ್ನೇ, ಪ್ರೆಸ್ ಮಾತ್ರ ದೊಡ್ಡದು.

ಈಗ ಮಿಸ್ತ್ರಿ ಸೀಮೆಸುಣ್ಣದ ತುಂಡು ಹಿಡಿದು ನೆಲದ ಮೇಲೆ ಲೆಕ್ಕ ಬರೆಯುತ್ತಿದ್ದಾನೆ. ಅವನ ಲೆಕ್ಕವನ್ನು ನಾನು ಸ್ವಲ್ಪ ತಿದ್ದಿ ಹೇಳುತ್ತೇನೆ. ಬೋರ್ 100 ಮಿ.ಮೀ., ಸ್ಟ್ರೋಕ್ 110 ಅಂತ ಇಟ್ಟುಕೊಳ್ಳಿ. ಡೀಸೆಲ್ ಹೊತ್ತಿಕೊಂಡ ಗಳಿಗೆಯಲ್ಲಿ ಒಳಗಿನ ಒತ್ತಡ 80 ಬಾರ್ ಮುಟ್ಟಿದರೆ ಪಿಸ್ಟನ್ ತಲೆಯ ಮೇಲೆ ಬೀಳುವ ಭಾರ ಸುಮಾರು 6.4 ಟನ್. ಪಂಪ್ ಬಿಚ್ಚಿ ಡೀಸೆಲ್ ಏರಿಸಿ, ಟರ್ಬೊ ಕೂರಿಸಿ ಒತ್ತಡವನ್ನು 120 ಬಾರಿಗೆ ಒಯ್ದರೆ 9.6 ಟನ್. ಇದೆಲ್ಲ ರಾಡನ್ನು ಮೇಲಿನಿಂದ ತುಳಿಯುವ ಭಾರ.

ಇನ್ನೊಂದು ಭಾರ ಎಳೆತದ್ದು. ಹೊಗೆ ಹೊರದಬ್ಬಿ ಪಿಸ್ಟನ್ ತುದಿ ಮುಟ್ಟಿದಾಗ ಅದನ್ನು ತಡೆದು ಕೆಳಕ್ಕೆ ಜಗ್ಗುವುದು ರಾಡೇ. ಪಿಸ್ಟನ್, ಪಿನ್ನು, ರಾಡಿನ ಮೇಲ್ತುದಿ ಸೇರಿ 1.8 ಕೆ.ಜಿ. ಎಂದರೆ, ನಿಮಿಷಕ್ಕೆ 2200 ಸುತ್ತಿನಲ್ಲಿ ಆ ಎಳೆತ ಸುಮಾರು 670 ಕೆ.ಜಿ. ಅಷ್ಟೆ. ತುಳಿತದ ಹತ್ತರಲ್ಲಿ ಒಂದು ಪಾಲು. ಎಳೆತ ಏರುವುದು ಮಾತ್ರ ಸುತ್ತಿನ ವರ್ಗದಂತೆ. ಪಂದ್ಯದ ಹುರುಪಿನಲ್ಲಿ ಗವರ್ನರ್ ಕೆಡಿಸಿ 3000 ಸುತ್ತಿಗೆ ಎಬ್ಬಿಸಿದರೆ ಅದು ಒಂದೂಕಾಲು ಟನ್ನಿನ ಹತ್ತಿರ ಹೋಗುತ್ತದೆ. ರಾಡ್ ಕಿತ್ತು ಬ್ಲಾಕ್ ಒಡೆದುಕೊಂಡು ಹೊರಬರುವ ಕಥೆಗಳಲ್ಲಿ ಮೊದಲು ಸೋಲುವುದು ಬಹುಪಾಲು ರಾಡಲ್ಲ, ಅದರ ಕ್ಯಾಪ್ ಹಿಡಿದ ಎರಡು ಬೋಲ್ಟು.

ಆ ಬೋಲ್ಟುಗಳು ಪರಾತದಲ್ಲೇ ಇವೆ. ಮಿಸ್ತ್ರಿ ಒಂದನ್ನು ಹೆಕ್ಕಿ ಒರೆಸುತ್ತಾನೆ. ಥ್ರೆಡ್ಡಿನ ಪಕ್ಕದಲ್ಲಿ ಮೈ ಸ್ವಲ್ಪ ಸಣಕಲಾಗಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಬಿಗಿದಾಗ ಬೋಲ್ಟ್ ಕೂದಲೆಳೆಯಷ್ಟು ಹಿಗ್ಗಿ ಮತ್ತೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಅದರ ಹಿಡಿತ. ಒಮ್ಮೆ ಹಿಗ್ಗಿ ವಾಪಸ್ ಬಾರದ ಬೋಲ್ಟಿಗೆ ಎಷ್ಟು ಟಾರ್ಕ್ ಕೊಟ್ಟರೂ ನಂಬುವಂಥ ಹಿಡಿತ ಬರುವುದಿಲ್ಲ. ಹಳೇ ಬೋಲ್ಟನ್ನೇ ಪಾನಾ ಹಾಕಿ ಜಗ್ಗಿ ಮುಗಿಸುವ ಅಂಗಡಿಗಳು ನಮ್ಮ ಕಡೆ ಬೇಕಾದಷ್ಟಿವೆ. ಸಣ್ಣ ಖರ್ಚಿನಲ್ಲಿ ಮುಗಿಯುವ ಮಾತಿಗೆ ಇಡೀ ಇಂಜಿನ್ ಪಣಕ್ಕಿಡುವುದು ನನಗಂತೂ ಅರ್ಥವಾಗಿಲ್ಲ.

"ಪಿಸ್ಟನ್ನಾದ್ರೂ ಬದಲ್ ಮಾಡ್ರಿ ಕಾಕಾ," ಹುಡುಗ ಬಿಡುವವನಲ್ಲ.

ಹಳೇ ಪಿಸ್ಟನ್ ನಿಮ್ಮ ಮುಂದೆ ಬರುತ್ತದೆ. ತಲೆಯಲ್ಲಿ ಬಟ್ಟಲಿನಂಥ ಕುಳಿ, ಕಪ್ಪು ಮಸಿ. ಉಗುರಿನಿಂದ ಮಸಿ ಕೆರೆದು ಮೊದಲ ರಿಂಗ್ ಕೂರುವ ತೋಡು ನೋಡಿ. ಅಲ್ಯೂಮಿನಿಯಂ ಬೆಳ್ಳಗಿದೆ, ತೋಡಿನ ಸುತ್ತ ಮಾತ್ರ ಬೂದುಬಣ್ಣದ ಒಂದು ಬಳೆ. ಅದು ನಿಕಲ್ ಬೆರೆತ ಎರಕದ ಕಬ್ಬಿಣ, ಪಿಸ್ಟನ್ ಎರಕ ಹೊಯ್ಯುವಾಗಲೇ ಒಳಗೆ ಬೆಸೆದದ್ದು. ಡೀಸೆಲ್ ಇಂಜಿನ್ನಿನಲ್ಲಿ ಮೊದಲ ರಿಂಗಿಗೆ ಬೆಂಕಿಯೂ ಬಡಿತವೂ ಹೆಚ್ಚು. ಬರೀ ಅಲ್ಯೂಮಿನಿಯಂ ಆಗಿದ್ದರೆ ತೋಡು ಸವೆದು ರಿಂಗ್ ಅಲ್ಲಾಡಿ, ಕಂಪ್ರೆಷನ್ ಸೋರಿ, ಬಂಡಿ ಆಯಿಲ್ ಕುಡಿಯತೊಡಗುತ್ತದೆ. ಫೋರ್ಜ್ಡ್ ಅಲ್ಯೂಮಿನಿಯಂ ಪಿಸ್ಟನ್ನುಗಳಲ್ಲಿ ಸಾಮಾನ್ಯವಾಗಿ ಈ ಬಳೆ ಇರುವುದಿಲ್ಲ, ಜಜ್ಜಿ ಮಾಡುವ ಲೋಹದೊಳಗೆ ಅದನ್ನು ಬೆಸೆಯುವುದು ಕಷ್ಟ. ಪಂದ್ಯ ಅರ್ಧ ನಿಮಿಷದ್ದು. ರಂಟಿ ಹೊಡೆಯುವುದು ಬೆಳಗಿನಿಂದ ಬೈಗಿನವರೆಗೆ, ಎರೆ ಮಣ್ಣಿನ ಧೂಳು ಕುಡಿಯುತ್ತ.

ಕರಗುವ ಮಾತು ಇನ್ನೊಂದಿದೆ. ಡೀಸೆಲ್ ಮಿತಿಮೀರಿ ಸುರಿದರೆ ಪಿಸ್ಟನ್ನಿನ ಬಟ್ಟಲಿನ ಅಂಚು ಕರಗಿ ತೂತು ಬೀಳುತ್ತದೆ. ಎರಕದ್ದಾಗಲಿ, ಫೋರ್ಜ್ಡ್ ಆಗಲಿ, ಈ ಅಲ್ಯೂಮಿನಿಯಂ ಮಿಶ್ರಲೋಹಗಳು ಕರಗತೊಡಗುವುದು 550 ಡಿಗ್ರಿಯ ಆಸುಪಾಸಿನಲ್ಲೇ. ಜಜ್ಜಿದ ಮಾತ್ರಕ್ಕೆ ಬೆಂಕಿ ತಡೆಯುವ ಶಕ್ತಿ ಬರುವುದಿಲ್ಲ. ದೊಡ್ಡ ಲಾರಿಗಳ ಹೊಸ ಇಂಜಿನ್ನುಗಳಿಗೆ ಫೋರ್ಜ್ಡ್ ಉಕ್ಕಿನ ಪಿಸ್ಟನ್ ಬರುತ್ತಿವೆ, ಅದು ಬೇರೆ ಜಾತಿ.

ಬಾಗಿಲಲ್ಲಿ ಗುಡುಗುಡು ಸದ್ದು. ಹುಡುಗನ ಗೆಳೆಯ ಹಳೇ 350 ಬುಲೆಟ್ ನಿಲ್ಲಿಸಿ ಒಳಗೆ ಬರುತ್ತಾನೆ, ಅವನದೂ ಫೋರ್ಜ್ಡ್ ಪಿಸ್ಟನ್ನಿನದೇ ಮಾತು. ಈ ಸಲ ಮಿಸ್ತ್ರಿ ಹೂಂ ಎಂದು ತಲೆಯಾಡಿಸುತ್ತಾನೆ. ಬುಲೆಟ್ಟಿನ ಬೋರ್ 70, ಸ್ಟ್ರೋಕ್ 90. ಅದನ್ನು 6500 ಸುತ್ತಿಗೆ ಎಬ್ಬಿಸುವ ಹಟವಿದ್ದರೆ, ಅರ್ಧ ಕೆ.ಜಿ. ತೂಕಕ್ಕೆ ಎಳೆತವೇ 1.3 ಟನ್ ಆಗುತ್ತದೆ, ತುಳಿತ ಎರಡು ಟನ್ನಿನ ಹತ್ತಿರ. ಪೆಟ್ರೋಲ್ ಇಂಜಿನ್ ನಾಕ್ ಹೊಡೆದಾಗ ಎರಕದ ಪಿಸ್ಟನ್ ಸಿಡಿದು ಚೂರಾಗಬಹುದು, ಫೋರ್ಜ್ಡ್ ಆದರೆ ನೆಗ್ಗಿಯಾದರೂ ತಡೆಯುತ್ತದೆ. ಅಲ್ಲಿ ಆ ರೊಕ್ಕಕ್ಕೆ ಅರ್ಥವಿದೆ. ಅದರಲ್ಲೂ ಎರಡು ಬಗೆ. 4032 ಎಂಬುದರಲ್ಲಿ ನೂರಕ್ಕೆ 12ರಷ್ಟು ಸಿಲಿಕಾನ್, ಕಾದಾಗ ಕಡಿಮೆ ಹಿಗ್ಗುತ್ತದೆ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ, ಪೆಟ್ಟು ಹೆಚ್ಚು ತಾಳುತ್ತದೆ, ಹಿಗ್ಗುವುದೂ ಹೆಚ್ಚು. ಆದ್ದರಿಂದ ಬೋರಿನಲ್ಲಿ ಜಾಗ ಹೆಚ್ಚು ಬಿಡಬೇಕು, ಬೆಳಿಗ್ಗೆ ಕಿಕ್ ಹೊಡೆದಾಗ ಒಳಗೆ ಟಕಟಕ ಬಡಿಯುತ್ತದೆ. ದಿನಾ ರೋಣಕ್ಕೆ ಹೋಗಿಬರುವ ಗಾಡಿಗೆ 4032 ಸಾಕು. ಬೋರಿಂಗ್ ಮಾಡುವವನಿಗೆ ಪಿಸ್ಟನ್ನನ್ನು ಮುಂಚೆಯೇ ಕೊಟ್ಟು, ಅದರ ಪೆಟ್ಟಿಗೆಯ ಮೇಲೆ ಬರೆದ ಅಳತೆಗೇ ಬೋರ್ ಹೊಡೆಸಬೇಕು.

ಇತ್ತ ರಾಡುಗಳ ಪರೀಕ್ಷೆ ಶುರುವಾಗಿದೆ. ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ ಕಾಯುತ್ತಾರೆ. ಎಲ್ಲಾದರೂ ಬಿರುಕಿದ್ದರೆ ಒಳಗಿನ ಎಣ್ಣೆ ಹೊರಜಿನುಗಿ ಬಿಳಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಎರಡು ರಾಡು ಬೆಳ್ಳಗೇ ಉಳಿದಿವೆ. ಮೂರನೆಯದರಲ್ಲಿ, ಬೋಲ್ಟ್ ಕೂರುವ ಮೂಲೆಯಲ್ಲಿ, ಇರುವೆ ಹರಿದಂಥ ತೆಳು ಗೆರೆ. ಮಿಸ್ತ್ರಿ ಒರೆಸಿ ಮತ್ತೊಮ್ಮೆ ಪುಡಿ ಹಚ್ಚುತ್ತಾನೆ. ಗೆರೆ ಮತ್ತೆ ಅಲ್ಲೇ.

"ಇದೊಂದು ಗುಜರಿಗೆ. ಹೊಸಾದು ತಂದ್ರ ಮೂರೂ ತೂಗಿ ತರ್ಬೇಕು, ಒಂದಕ್ಕೊಂದು ತೂಕ ಸರಿ ಇರ್ಬೇಕು. ಕ್ಯಾಪ್ ಅದ್ಲಿ ಬದ್ಲಿ ಆಗ್ಬಾರ್ದು. ಬೋಲ್ಟ್ ಆರೂ ಹೊಸವು. ಬೇರಿಂಗ್ ಹೊಸವು. ಪಿಸ್ಟನ್ ಕಂಪನೀದ, ಬಳಿ ಇದ್ದದ್ದ."

"ಪಂಪು?"

"ಪಂಪ್ ಹುಬ್ಬಳ್ಳ್ಯಾಗ ಟೆಸ್ಟ್ ಬೆಂಚಿಗೆ ಹಚ್ಚಿ ತರೂದು. ಅಳತಿಗಿ ಒಂದು ಹನಿ ಹೆಚ್ಚಿಗಿ ಇಲ್ಲ."

ಹುಡುಗ ಮೊಬೈಲ್ ಜೇಬಿಗಿಟ್ಟು, ಮಿಸ್ತ್ರಿ ಬರೆದುಕೊಟ್ಟ ಸಾಮಾನಿನ ಚೀಟಿ ತೆಗೆದುಕೊಳ್ಳುತ್ತಾನೆ. ಬಾಗಿಲ ತನಕ ಹೋದವನು ತಿರುಗಿ, ಟರ್ಬೊ ಕಿಟ್ಟಿನ ರೇಟು ಕೇಳಿಕೊಂಡು ಬಂದರೆ ನಡೆದೀತೇ ಅನ್ನುತ್ತಾನೆ. ಮಿಸ್ತ್ರಿ ಬಿರುಕುಬಿಟ್ಟ ರಾಡನ್ನು ಅವನ ಕೈಗಿಟ್ಟು, ಗದಗಿನ ಅಂಗಡಿಯಲ್ಲಿ ಇದೇ ನಂಬರಿನದು ಇದೆಯೋ ಇಲ್ಲವೋ ಮೊದಲು ಅದನ್ನು ಕೇಳು ಎಂದು ಬಸ್ಸಿಗೆ ಕಳಿಸುತ್ತಾನೆ.