ಕೈಯೋ ಕಂಠವೋ

ಪಾರ್ಕಿನ್ಸನ್ ರೋಗವು ನನ್ನನ್ನು ಹಿಡಿದು ಒಂಬತ್ತು ವರ್ಷಗಳಾದುವು. ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ನನು 1817ರಲ್ಲಿ ಇದರ ಲಕ್ಷಣಗಳನ್ನು ಬರೆದಿಟ್ಟನು. ನಮ್ಮ ಆಯುರ್ವೇದವು ಇಂತಹ ನಡುಕವನ್ನು ಕಂಪವಾತವೆಂದು ಕರೆಯಿತು. ಹೆಸರು ಯಾವುದಾದರೇನು? ಮಿದುಳಿನಲ್ಲಿ ಡೋಪಮೀನ್ ಎಂಬ ರಸವು ಬತ್ತುತ್ತ ಬಂದಂತೆ ಕೈ ನಡುಗುವುದು, ಮೈ ಬಿಗಿಯುವುದು, ಹೆಜ್ಜೆಯು ನೆಲಕ್ಕೆ ಅಂಟಿಕೊಳ್ಳುವುದು. ಲೆವೊಡೋಪಾ ಗುಳಿಗೆಯು ಮೊದಲ ಕೆಲವು ವರ್ಷ ನನ್ನನ್ನು ಚೆನ್ನಾಗಿಯೇ ಸಲಹಿತು. ಈಗಲಾದರೋ ಅದರ ಬಲವು ಎರಡು ಗಂಟೆಗಳಲ್ಲಿ ಇಳಿದುಹೋಗುವುದು. ಬಲವಿರುವಾಗಲೂ ಮೈಯು ತನ್ನಷ್ಟಕ್ಕೆ ತಾನೇ ತೊನೆಯುವುದು.

ಆದುದರಿಂದ ವೈದ್ಯರು ಮಿದುಳಿನ ಶಸ್ತ್ರಚಿಕಿತ್ಸೆಯ ಮಾತನ್ನೆತ್ತಿರುವರು. ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಮಿದುಳಿನ ಆಳಕ್ಕೆ ತೆಳುವಾದ ತಂತಿಗಳನ್ನಿಳಿಸಿ, ಎದೆಯ ಚರ್ಮದಡಿಯಲ್ಲಿ ಹುದುಗಿಸಿದ ಯಂತ್ರದಿಂದ ಸೆಕೆಂಡಿಗೆ ನೂರಕ್ಕೂ ಮಿಕ್ಕ ವಿದ್ಯುತ್ ಮಿಡಿತಗಳನ್ನು ಹರಿಸುವರಂತೆ. ತಂತಿಯಿಳಿಸುವಾಗ ಅನೇಕ ವೇಳೆ ರೋಗಿಯು ಎಚ್ಚರವಾಗಿಯೇ ಇರುವನು. ಇಂತಹ ಕ್ಷಿಪ್ರವಾದ ಮಿಡಿತದಿಂದ ನಡುಕವು ನಿಲ್ಲುವುದನ್ನು ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಬಿದ್ ಎಂಬ ಶಸ್ತ್ರವೈದ್ಯರು 1987ರಲ್ಲಿ ಕಂಡರು.

“ಇದರಿಂದ ಗುಣವಾಗುವುದೇ?” ಎಂದು ಬಂಧುಗಳು ಕೇಳುತ್ತಾರೆ. ಗುಣವಾಗುವುದಿಲ್ಲ, ರೋಗವು ತನ್ನ ದಾರಿಯಲ್ಲಿ ಮುಂದುವರಿಯುವುದು. ಗುಳಿಗೆಯು ಯಾವ ಉಪಕಾರವನ್ನು ಮಾಡಬಲ್ಲುದೋ ಬಹುಮಟ್ಟಿಗೆ ಅದನ್ನೇ ಈ ಚಿಕಿತ್ಸೆಯು ಹೆಚ್ಚು ಹೊತ್ತು, ಹೆಚ್ಚು ಏರಿಳಿತವಿಲ್ಲದೆ ಒದಗಿಸುವುದು. ಗುಳಿಗೆಗೆ ಬಗ್ಗದ ನಡುಕವು ಮಾತ್ರ ಇದಕ್ಕೆ ಬಗ್ಗುವುದುಂಟು. ರಕ್ತಸ್ರಾವ, ಸೋಂಕುಗಳ ಅಪಾಯವು ಅಲ್ಪವಾದರೂ ಇಲ್ಲದಿಲ್ಲ. ಇವೆಲ್ಲಕ್ಕಿಂತ ನನ್ನನ್ನು ತಡೆದಿರುವುದು ಬೇರೊಂದು ವಿಚಾರ: ಕೆಲವರ ಮಾತು ಚಿಕಿತ್ಸೆಯ ತರುವಾಯ ಮೊದಲಿಗಿಂತ ಅಸ್ಪಷ್ಟವಾಗುವುದು.

ಸಂಜೆ ಮನೆಯಲ್ಲಿ ಕುಮಾರವ್ಯಾಸನ ಭಾರತವನ್ನು ವಾಚಿಸುವುದು ನಮ್ಮ ತಂದೆಯವರ ಕಾಲದಿಂದ ನಡೆದುಬಂದ ಪದ್ಧತಿ. ನನ್ನ ಕೈಯು ಪುಸ್ತಕವನ್ನು ಹಿಡಿಯಲಾರದು. ಕಂಠವು ಇನ್ನೂ ಪದ್ಯವನ್ನು ಬಿಟ್ಟಿಲ್ಲ. ಕೈಯನ್ನು ಪಡೆಯಲು ಕಂಠವನ್ನು ಒತ್ತೆಯಿಡಲೇ? ಇದನ್ನು ಪತ್ನಿಯ ಮುಂದಿಟ್ಟೆನು. “ಪದ್ಯವನ್ನು ಮೊಮ್ಮಗಳು ಓದಿಯಾಳು. ರಾತ್ರಿ ನಿಮ್ಮನ್ನು ಮಗ್ಗುಲಿಗೆ ಹೊರಳಿಸುವುದು ನನ್ನಿಂದ ಇನ್ನೆಷ್ಟು ದಿನ ಆದೀತು?” ಎಂದಳು. ಅವಳಿಗೂ ಅರವತ್ತೈದು ತುಂಬಿತು. ಈ ಲೆಕ್ಕದಲ್ಲಿ ಅವಳ ಪಾಲು ನನ್ನದಕ್ಕಿಂತ ಕಿರಿದಲ್ಲ.

ಮುಂದಿನ ತಿಂಗಳು ಪರೀಕ್ಷೆಗೆ ಹೋಗುವೆನು. ಗುಳಿಗೆಯನ್ನು ಬಿಡಿಸಿ ಒಮ್ಮೆ, ಕೊಟ್ಟು ಒಮ್ಮೆ ನನ್ನ ನಡೆಯನ್ನು ನೋಡುವರು. ಜ್ಞಾಪಕಶಕ್ತಿಯನ್ನೂ ಮನಸ್ಸಿನ ಸ್ಥಿತಿಯನ್ನೂ ಅಳೆಯುವರು. ಯೋಗ್ಯನೆಂದು ಹೇಳಿದರೆ ಒಪ್ಪಿಕೊಳ್ಳುವೆನು. ಮಿಡಿತವನ್ನು ಹೊರಗಿನಿಂದಲೇ ಹೆಚ್ಚು ಕಡಿಮೆ ಮಾಡಲು ಬರುವುದರಿಂದ, ಕಂಠಕ್ಕೆ ತೊಡಕು ಬಂದಲ್ಲಿ ಕೈಯಲ್ಲಿ ತುಸು ನಡುಕವನ್ನುಳಿಸಿಯಾದರೂ ಮಾತನ್ನು ಕಾಪಾಡಿರೆಂದು ವೈದ್ಯರನ್ನು ಮೊದಲೇ ಬೇಡಿಕೊಳ್ಳುವೆನು. ಅಲ್ಲಿಯವರೆಗೆ ಸಂಜೆಯ ವಾಚನವು ನಡೆಯಲಿ. ಪುಸ್ತಕವನ್ನು ಮೊಮ್ಮಗಳು ಹಿಡಿಯುವಳು.