ಗೊಟೆನ್‌ಬರ್ಗಿನ ಗುಡುಗು

ಸ್ವೀಡನ್ ಎಂದೊಡನೆ ನನ್ನಂಥ ವಿಜ್ಞಾನದ ಮೇಷ್ಟ್ರಿಗೆ ನೆನಪಾಗುವವರು ಮೂವರು: ಉಷ್ಣಮಾಪಕದ ಸೆಲ್ಸಿಯಸ್, ಗಿಡಮರಗಳಿಗೆ ಜೋಡಿ ಹೆಸರಿಟ್ಟ ಲಿನೇಯಸ್, ಡೈನಮೈಟಿನ ನೊಬೆಲ್. ಕಾಲು ಶತಮಾನಕ್ಕೂ ಹೆಚ್ಚು ಕಾಲ ಇವರನ್ನೇ ಪಾಠ ಮಾಡಿಕೊಂಡು ಬಂದವನು ನಾನು. ಆದರೆ 2025ರ ಅಕ್ಟೋಬರ್‌ನಲ್ಲಿ ಹದಿನೈದು ದಿನ ಗಳಿಕೆ ರಜೆ ಹಾಕಿ ಆ ದೇಶಕ್ಕೆ ಹೋದಾಗ, ಅಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಮಗ ಮೊದಲ ಭಾನುವಾರವೇ ನನ್ನನ್ನು ಕರೆದೊಯ್ದದ್ದು ಇವರಾರ ಊರಿಗೂ ಅಲ್ಲ. ಒಂದು ಗದ್ದಲದ ವಾದ್ಯಗೋಷ್ಠಿ ಹುಟ್ಟಿದ ಬಡಾವಣೆಗೆ!

ಊರಿನ ಹೆಸರು ಗೊಟೆನ್‌ಬರ್ಗ್. ಅಲ್ಲಿಯವರ ಬಾಯಲ್ಲಿ ಅದು ‘ಯೊತೆಬೊರಿ’. ಬಸ್ಸಿನಲ್ಲಿ ನಾನು ಮೂರು ಸಲ ಹೇಳಿ ನೋಡಿದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ನಕ್ಕು ತಲೆಯಾಡಿಸಿದರು. ಅದು ಒಪ್ಪಿಗೆಯೋ ಕರುಣೆಯೋ ತಿಳಿಯಲಿಲ್ಲ. ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ 1621ರಲ್ಲಿ ಸನ್ನದು ಕೊಟ್ಟು ಕಟ್ಟಿಸಿದ ಪಟ್ಟಣವಿದು. ಗೋಟಾ ನದಿ ಸಮುದ್ರ ಸೇರುವಲ್ಲಿನ ಜೌಗು ನೆಲ. ಅದಕ್ಕೆ ಕಾಲುವೆ ತೋಡಲು ನೀರಿನ ಕೆಲಸದಲ್ಲಿ ಪಳಗಿದ ಡಚ್ಚರನ್ನು ಕರೆಸಿದರಂತೆ. ಆ ಕಾಲುವೆಗಳು ಇಂದಿಗೂ ಇವೆ, ಅವುಗಳ ಬದಿಯಲ್ಲಿ ನೀಲಿ ಬಿಳಿ ಬಣ್ಣದ ಟ್ರಾಮುಗಳು ಕಿರುಗುಟ್ಟುತ್ತ ಓಡಾಡುತ್ತವೆ. ಮಗ ಓದುವ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯ 1829ರದು. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಾಗಿದ್ದ ವಿಲಿಯಂ ಚಾಲ್ಮರ್ಸ್ ಬಿಟ್ಟುಹೋದ ಹಣದಿಂದ ಆರಂಭವಾದದ್ದು. ಗಾಬರಿಯಾಗಬೇಡಿ, ಇದು ನಮ್ಮನ್ನಾಳಿದ ಕಂಪನಿಯಲ್ಲ. 1731ರಲ್ಲಿ ಹುಟ್ಟಿದ ಸ್ವೀಡನ್ನಿನದೇ ಇನ್ನೊಂದು. ಅದರ ಹಡಗುಗಳು ಹೆಚ್ಚಾಗಿ ಹೋಗುತ್ತಿದ್ದುದು ಚಹಾ ತರಲು, ಚೀನಾದ ಕ್ಯಾಂಟನ್‌ಗೆ.

ನದಿಯಾಚೆ ಎರಿಕ್ಸ್‌ಬರ್ಗ್ ಎಂಬಲ್ಲಿ ಒಂದು ಭಾರೀ ಕ್ರೇನ್ ನಿಂತಿದೆ. ಈಗ ಅದಕ್ಕೆ ಕೆಲಸವಿಲ್ಲ. ಹಡಗು ಕಟ್ಟುವುದರಲ್ಲಿ ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದ ಈ ಊರಿನ ಕಾರ್ಖಾನೆಗಳು 1970 ಮತ್ತು 80ರ ದಶಕಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ನಾನು ಹೇಳಹೊರಟಿರುವ ಹುಡುಗರು ಬೆಳೆದದ್ದು ಆ ವರ್ಷಗಳಲ್ಲಿ.

ಮುಂದಕ್ಕೆ ಹೋಗುವ ಮುನ್ನ ಒಂದು ಹಳೆಯ ಸಂಗತಿ ಹೇಳಬೇಕು. ಆರು ವರ್ಷದ ಹಿಂದೆ ನನ್ನ ಮಗ ದ್ವಿತೀಯ ಪಿಯುಸಿ. ಅಜ್ಜಿ ಕೊಟ್ಟ ಹಬ್ಬದ ಹಣ ಕೂಡಿಹಾಕಿ ಯಾರದೋ ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಂಡು ತಂದಿದ್ದ. ಕೇಳುತ್ತಿದ್ದುದು ‘ಮೆಲೋಡಿಕ್ ಡೆತ್ ಮೆಟಲ್’ ಎಂಬ ಸಂಗೀತ. ಹೆಸರಿನಲ್ಲೇ ಸಾವು! ಬಾಗಿಲ ಸಂದಿಯಿಂದ ಬರುತ್ತಿದ್ದ ಗುಟುರು ಕೇಳಿ ಮನೆಯವಳು ದೇವರಿಗೆ ಹರಕೆ ಹೊತ್ತಳು. ನಾನು ಹರಕೆಯವನಲ್ಲ, ಬಿ.ಎಸ್ಸಿ., ಬಿ.ಎಡ್. ಓದಿದವನು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ನೂರಕ್ಕೆ ಐವತ್ತೆಂಟು ಬಂದ ದಿನ ಗಿಟಾರನ್ನು ಎತ್ತಿ ಅಟ್ಟದ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಅವನು ಏನೂ ಹೇಳಲಿಲ್ಲ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂತು. ಗಿಟಾರನ್ನು ಅವನು ಮತ್ತೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ನನ್ನ ಕ್ರಮ ಫಲಿಸಿತೆಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು.

ನಾವು ಹೋದ ಬಡಾವಣೆ ಬಿಲ್‌ಡಾಲ್. ನಗರದ ದಕ್ಷಿಣದ ಅಂಚು, ಅಲ್ಲಿಂದಾಚೆ ಸಮುದ್ರ. ಹಿಂದೆ ಇಲ್ಲಿಗೊಂದು ಸಣ್ಣ ರೈಲು ಬರುತ್ತಿತ್ತು, 1965ರಲ್ಲಿ ನಿಂತುಹೋಯಿತು. ಹಳಿ ಕಿತ್ತ ದಾರಿಯಲ್ಲಿ ಈಗ ಜನ ಸೈಕಲ್ ತುಳಿಯುತ್ತಾರೆ. ಸಾವಿನ ಸಂಗೀತ ಹುಟ್ಟಿದ ಸ್ಥಳವೆಂದರೆ ಪಾಳುಬಿದ್ದ ಕೋಟೆಯನ್ನೋ ಸ್ಮಶಾನವನ್ನೋ ಊಹಿಸಿಕೊಂಡಿದ್ದೆ. ಕಂಡದ್ದು ಅಂಗಳದಲ್ಲಿ ಸೇಬಿನ ಮರವಿರುವ ಅಚ್ಚುಕಟ್ಟಾದ ಮನೆಗಳು, ಒಗೆದು ಒಣಹಾಕಿದ ಮಕ್ಕಳ ಬಟ್ಟೆ, ಕಡಲಂಚಿಗೆ ಬೋಳು ಬಂಡೆಗಳು. ಬಂಡೆಗಳ ಮೈ ಆನೆಯ ಬೆನ್ನಿನಂತೆ ನುಣುಪು. ಹಿಮಯುಗದ ಮಂಜಿನ ಹಾಸು ಉಜ್ಜಿ ಹೋದ ಗುರುತು ಅದು. ಆ ಭಾರ ಇಳಿದ ಮೇಲೆ ನೆಲ ಇಂದಿಗೂ ವರ್ಷಕ್ಕೆ ಕೆಲವೇ ಮಿಲಿಮೀಟರಿನಂತೆ ಮೇಲೇಳುತ್ತಿದೆ. ನಾನು ಇದನ್ನೆಲ್ಲ ಉತ್ಸಾಹದಿಂದ ಮಗನಿಗೆ ವಿವರಿಸುತ್ತಿದ್ದೆ. “ಅಪ್ಪ, ಈಗ ನನ್ನ ಪಾಠ,” ಎಂದ.

ಅವನ ಪಾಠ ಹೀಗಿತ್ತು. 1989ರಲ್ಲಿ ಇಲ್ಲಿನ ಐವರು ಹುಡುಗರು ಸೇರಿ ಒಂದು ತಂಡ ಕಟ್ಟಿದರು: ಮಿಕಾಯೆಲ್ ಸ್ಟಾನೆ, ನಿಕ್ಲಾಸ್ ಸುಂಡಿನ್, ಮಾರ್ಟಿನ್ ಹೆನ್ರಿಕ್ಸನ್, ಆಂಡರ್ಸ್ ಯಿವಾರ್ಪ್, ಆಂಡರ್ಸ್ ಫ್ರಿಡೆನ್. ಸ್ಟಾನೆಗೆ ಆಗ ಹದಿನೈದು ವರ್ಷ, ನಮ್ಮ ಎಸ್ಸೆಸ್ಸೆಲ್ಸಿ ವಯಸ್ಸು. ಮೊದಲಿಟ್ಟ ಹೆಸರು ‘ಸೆಪ್ಟಿಕ್ ಬ್ರಾಯ್ಲರ್’! ಆ ವಯಸ್ಸಿಗೆ ತಕ್ಕ ಹೆಸರೇ. ಬೇಗನೆ ಬುದ್ಧಿ ಬಂದು ‘ಡಾರ್ಕ್ ಟ್ರ್ಯಾಂಕ್ವಿಲಿಟಿ’ ಎಂದು ಬದಲಾಯಿಸಿಕೊಂಡರು. ಕತ್ತಲ ಪ್ರಶಾಂತಿ ಎನ್ನಬಹುದು. ಮೊದಲ ಆಲ್ಬಂ ‘ಸ್ಕೈಡ್ಯಾನ್ಸರ್’ 1993ರಲ್ಲಿ ಬಂತು. ಅದರಲ್ಲಿ ಹಾಡಿದ್ದು ಫ್ರಿಡೆನ್. ಅದೇ ಊರಿನ ಇನ್ನೊಂದು ತಂಡ ‘ಇನ್ ಫ್ಲೇಮ್ಸ್’ನ ಮೊದಲ ಆಲ್ಬಮ್ಮಿಗೆ 1994ರಲ್ಲಿ ಸ್ಟಾನೆ ಕಂಠ ಕೊಟ್ಟರು. ಮರುವರ್ಷ ಫ್ರಿಡೆನ್ ಆ ತಂಡಕ್ಕೇ ಹೋದರು. ಗಿಟಾರ್ ಹಿಡಿದಿದ್ದ ಸ್ಟಾನೆ ಅದನ್ನು ಕೆಳಗಿಟ್ಟು ಈ ತಂಡದ ಗಾಯಕರಾದರು. ನಮ್ಮೂರಿನ ವಾಲಿಬಾಲ್ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಂಡ ಹಾಗೆ! ಜಗಳವೇನೂ ಆಗಲಿಲ್ಲ. ಸುಂಡಿನ್ ಮುಂದೆ ಫ್ರಿಡೆನ್ ಬರೆದ ಹಾಡುಗಳನ್ನು ಇಂಗ್ಲಿಷಿಗೆ ತಂದುಕೊಡುತ್ತಿದ್ದರು.

1995 ಈ ಊರಿನ ಪಾಲಿಗೆ ವಿಶೇಷ ವರ್ಷ. ಫ್ರೆಡ್ರಿಕ್ ನಾರ್ಡ್‌ಸ್ಟ್ರೋಮ್ ಎಂಬವರ ‘ಸ್ಟುಡಿಯೋ ಫ್ರೆಡ್‌ಮನ್’ನಲ್ಲಿ ಒಂದೇ ವರ್ಷ ‘ದ ಗ್ಯಾಲರಿ’ ಎಂಬ ಇವರ ಆಲ್ಬಮ್ಮೂ ‘ಅಟ್ ದ ಗೇಟ್ಸ್’ ತಂಡದ ‘ಸ್ಲಾಟರ್ ಆಫ್ ದ ಸೋಲ್’ ಕೂಡ ಧ್ವನಿಮುದ್ರಣವಾದವು. ಮರುವರ್ಷ ಇನ್ ಫ್ಲೇಮ್ಸ್‌ನ ‘ದ ಜೆಸ್ಟರ್ ರೇಸ್’. ಅಲ್ಲಿಂದ ಜಗತ್ತಿನ ಕೇಳುಗರ ಬಾಯಲ್ಲಿ ಇದು ‘ಗೊಟೆನ್‌ಬರ್ಗ್ ಶೈಲಿ’ಯಾಯಿತು, ನಮ್ಮಲ್ಲಿ ಕಿರಾಣಾ ಘರಾಣೆ ಎನ್ನುವಂತೆ.

“ಕೇಳ್ತೀರಾ?” ಎಂದು ಮಗ ಇಯರ್‌ಫೋನ್ ಚಾಚಿದ. ಬಂಡೆಯ ಮೇಲೆ ಕುಳಿತು, ಹಲ್ಲು ಕಚ್ಚಿಕೊಂಡು ಕೇಳಿದೆ. ಮೊದಲ ನಿಮಿಷ ಹಿಟ್ಟಿನ ಗಿರಣಿಯೊಳಗೆ ತಲೆಯಿಟ್ಟಂತಾಯಿತು. ಎರಡನೆಯ ಸಲ ಹಾಕಿಸಿಕೊಂಡಾಗ ಡ್ರಮ್ಮಿನ ಮೇಲೆ ಎರಡು ಗಿಟಾರುಗಳು ಕೈಕೈ ಹಿಡಿದು ಹೋಗುವುದು ಕೇಳಿಸಿತು. ಒಂದು ಷಡ್ಜದಲ್ಲಿದ್ದರೆ ಇನ್ನೊಂದು ಗಾಂಧಾರದಲ್ಲಿ, ಅಷ್ಟೇ ಅಂತರ ಕಾಯ್ದುಕೊಂಡು. ಈ ಸಂಗೀತದವರು ಬಹುವಾಗಿ ಬಳಸುವ ‘ಮೈನರ್’ ಸ್ವರಶ್ರೇಣಿ ನಮ್ಮ ನಟಭೈರವಿ ಮೇಳದ ಸ್ವರಗಳೇ. ಹೆಸರಿನಲ್ಲಿರುವ ‘ಮೆಲೋಡಿಕ್’ ಎಂಬುದು ಸುಳ್ಳಲ್ಲ.

ಗಿಟಾರಿನ ಆ ಗರಗರ ಸದ್ದಿಗೂ ಲೆಕ್ಕವಿದೆ. ತಂತಿಯ ಕಂಪನವನ್ನು ಆಂಪ್ಲಿಫೈಯರಿನಲ್ಲಿ ಅದರ ಮಿತಿ ಮೀರಿ ಹಿಗ್ಗಿಸಿದರೆ ತರಂಗದ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ತರಂಗದಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟಿನ ಆವೃತ್ತಿಗಳೂ ಹುಟ್ಟುತ್ತವೆ. ಕಿವಿಗೆ ಒರಟು, ಭರ್ತಿ ಎನಿಸುವುದು ಅದಕ್ಕೇ. ಇನ್ನು ಆ ಗುಟುರು. ಗಂಟಲು ಹರಿದುಕೊಳ್ಳುವುದೆಂದು ತಿಳಿದಿದ್ದೆ. ಅಲ್ಲ. ನಮ್ಮ ಧ್ವನಿತಂತುಗಳ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ. ಮಿಥ್ಯಾ ಧ್ವನಿತಂತುಗಳೆಂದು ಹೆಸರು. ಮಾತಿಗೆ ಅವು ಬೇಕಿಲ್ಲ. ಪಳಗಿದ ಗಾಯಕರು ಅವನ್ನು ಅದುರಿಸಿ ಈ ಸ್ವರ ತೆಗೆಯುತ್ತಾರೆ. ಕೆಲವು ಟಿಬೆಟನ್ ಭಿಕ್ಷುಗಳ ಅತಿ ಮಂದ್ರ ಪಠಣದಲ್ಲೂ ಅವೇ ತಂತುಗಳ ಕೆಲಸ. ಅಭ್ಯಾಸವಿಲ್ಲದೆ ಅನುಕರಿಸಹೋದರೆ ಧ್ವನಿ ಕೆಡುವುದು ಖಂಡಿತ, ವಿದ್ಯಾರ್ಥಿಗಳು ಗಮನಿಸಬೇಕು.

ತಂಡದ ಮುಂದಿನ ಕಥೆ ಸುದೀರ್ಘ. 1999ರ ‘ಪ್ರೊಜೆಕ್ಟರ್’ನಲ್ಲಿ ಸ್ಟಾನೆ ಗುಟುರು ಬಿಟ್ಟು ತಿಳಿಯಾದ ಕಂಠದಲ್ಲೂ ಹಾಡಿದರು. 2024ರ ‘ಎಂಡ್‌ಟೈಮ್ ಸಿಗ್ನಲ್ಸ್’ಗೆ ಆಲ್ಬಮ್ಮುಗಳ ಲೆಕ್ಕ ಹದಿಮೂರಾಯಿತು. ಈ ನಡುವೆ ಒಬ್ಬೊಬ್ಬರಾಗಿ ಹೊರಟರು: 2016ರಲ್ಲಿ ಹೆನ್ರಿಕ್ಸನ್, 2020ರಲ್ಲಿ ಸುಂಡಿನ್, 2021ರಲ್ಲಿ ಯಿವಾರ್ಪ್. ಬಿಲ್‌ಡಾಲ್‌ನ ಆ ಐವರಲ್ಲಿ ತಂಡದಲ್ಲಿ ಉಳಿದವರು ಸ್ಟಾನೆ ಒಬ್ಬರೇ. ‘ದ ಗ್ಯಾಲರಿ’ಯ ಕಾಲದಲ್ಲಿ ಗಿಟಾರ್ ನುಡಿಸಿ 1999ರಲ್ಲಿ ತಂಡ ಬಿಟ್ಟಿದ್ದ ಫ್ರೆಡ್ರಿಕ್ ಯೋಹಾನ್ಸನ್ 2022ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2024ರ ಆಲ್ಬಮ್ಮಿನಲ್ಲಿ ಅವರ ನೆನಪಿಗೊಂದು ಹಾಡಿದೆ. ಬಿಟ್ಟುಹೋಗಿ ಇಪ್ಪತ್ತೈದು ವರ್ಷವಾದವನಿಗೂ ಹಾಡು! ಇದನ್ನು ಕೇಳಿದ ಮೇಲೆ ಇವರ ಬಗೆಗಿದ್ದ ನನ್ನ ಬಿಗುಮಾನ ಅರ್ಧ ಕರಗಿತು.

ಉಳಿದರ್ಧ ಕರಗಿದ್ದು ಪೇಟೆಯ ಒಂದು ರೆಕಾರ್ಡ್ ಅಂಗಡಿಯ ಮುಂದೆ. ಕಿಟಕಿಯಲ್ಲಿ ‘ಅಟ್ ದ ಗೇಟ್ಸ್’ನ ಆಲ್ಬಂ ಇಟ್ಟಿದ್ದರು. ಅದರ ಗಾಯಕ ಥಾಮಸ್ ಲಿಂಡ್‌ಬರ್ಗ್ ಹಿಂದಿನ ತಿಂಗಳು, ಸೆಪ್ಟೆಂಬರ್ 16ರಂದು, ಕ್ಯಾನ್ಸರಿನಿಂದ ಕಣ್ಣುಮುಚ್ಚಿದ್ದರು. ವಯಸ್ಸು 52, ಹೆಚ್ಚುಕಡಿಮೆ ನನ್ನ ಓರಗೆ. “ಅವರೂ ನಿಮ್ಮ ಹಾಗೆ ಮೇಷ್ಟ್ರು ಅಪ್ಪ, ಸಮಾಜ ವಿಜ್ಞಾನ,” ಎಂದ ಮಗ. ನಂಬಲಿಲ್ಲ. ನಿಜವೇ. ವೇದಿಕೆಯ ಮೇಲೆ ಆ ಗುಟುರು ಹಾಕುತ್ತಿದ್ದಾತ ತರಗತಿಯಲ್ಲಿ ಸಮಾಜ ಪಾಠ ಹೇಳುತ್ತಿದ್ದರು. ಅಂಗಡಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಇಷ್ಟು ಸಣ್ಣ ದೇಶದಲ್ಲಿ ಇಷ್ಟೊಂದು ತಂಡಗಳು ಹೇಗೆ? ಪೋಷಕರಿಗೆ ಇದು ಬೇಕಾದ ವಿಷಯ. ಅಲ್ಲಿನ ಪುರಸಭೆಗಳು ಎರಡನೆಯ ಮಹಾಯುದ್ಧದ ನಂತರ ಊರೂರಲ್ಲಿ ಮಕ್ಕಳಿಗೆ ಸಂಗೀತ ಶಾಲೆಗಳನ್ನು ತೆರೆದವು, ಶುಲ್ಕ ಅತ್ಯಲ್ಪ. ದೊಡ್ಡವರಾದ ಮೇಲೆ ‘ಅಧ್ಯಯನ ವೃತ್ತ’ಗಳು. ನಾಲ್ಕು ಜನ ಸೇರಿ ಏನನ್ನಾದರೂ ಕಲಿಯುತ್ತೇವೆಂದರೆ, ಸರ್ಕಾರದ ಅನುದಾನ ಪಡೆಯುವ ವಯಸ್ಕರ ಶಿಕ್ಷಣ ಸಂಘಗಳು ಜಾಗಕ್ಕೆ, ಸಲಕರಣೆಗೆ ನೆರವಾಗುತ್ತವೆ. ರಾಕ್ ತಂಡವೂ ಒಂದು ಅಧ್ಯಯನ ವೃತ್ತವೇ! ಈಚಿನ ವರ್ಷಗಳಲ್ಲಿ ಈ ಅನುದಾನಕ್ಕೆ ಕತ್ತರಿ ಬಿದ್ದಿದೆಯೆಂಬ ಕೊರಗೂ ಕೇಳಿಸಿತು.

ಅಂಥದೊಂದು ನೆಲಮಾಳಿಗೆಗೆ ಮಂಗಳವಾರ ಸಂಜೆ ಮಗ ಕರೆದೊಯ್ದ. ಹೊರಗೆ ಆರು ಗಂಟೆಗೆಲ್ಲ ಕತ್ತಲು, ಜಿಟಿಜಿಟಿ ಮಳೆ. ಒಳಗೆ ಮೂವರು ಹುಡುಗರು, ಒಬ್ಬಳು ಹುಡುಗಿ ಡ್ರಮ್ಮಿನ ಹಿಂದೆ. ಬಾಗಿಲಲ್ಲೇ ಒಂದು ಡಬ್ಬಿ ತುಂಬ ಕಿವಿಗೆ ಹಾಕಿಕೊಳ್ಳುವ ಬೆಂಡು. ಇದು ನನಗೆ ಮೆಚ್ಚಿಕೆಯಾಯಿತು. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ಗಂಟೆ ತಾಳೀತು ಎನ್ನುತ್ತಾರೆ. ಪ್ರತಿ 3 ಡೆಸಿಬೆಲ್ಲಿಗೆ ಧ್ವನಿಯ ಶಕ್ತಿ ಇಮ್ಮಡಿ, ತಾಳುವ ಸಮಯ ಅರ್ಧ. ಹಾಗಾದರೆ 100 ಡೆಸಿಬೆಲ್ಲಿಗೆ ಎಷ್ಟು ಹೊತ್ತು? ಮಕ್ಕಳೇ ಲೆಕ್ಕ ಹಾಕಿ: ಹದಿನೈದೇ ನಿಮಿಷ. ಸ್ವೀಡನ್ನಿನಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸರಾಸರಿ 100ರ ಮಿತಿಯಿದೆ, ಹದಿಮೂರರೊಳಗಿನ ಮಕ್ಕಳಿರುವಲ್ಲಿ 97. ನಮ್ಮ ಗಣೇಶೋತ್ಸವದ ಧ್ವನಿವರ್ಧಕಗಳ ಮಾತು ಇಲ್ಲಿ ಬೇಡ.

ನಾನು ಬೆಂಡು ಒತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕುಳಿತೆ. ಮಗನೂ ಕುಳಿತುಕೊಳ್ಳುವನೆಂದು ಪಕ್ಕದ ಕುರ್ಚಿಯಿಂದ ಚೀಲ ತೆಗೆದಿಟ್ಟೆ. ಅವನು ನೇರ ಗೋಡೆಯ ಬಳಿ ಹೋಗಿ ಅಲ್ಲಿ ಒರಗಿಸಿದ್ದ ಗಿಟಾರನ್ನು ಹೆಗಲಿಗೆ ಹಾಕಿಕೊಂಡ. ಒಂದು ವರ್ಷದಿಂದ ಪ್ರತಿ ಮಂಗಳವಾರ ಬರುತ್ತಿದ್ದಾನಂತೆ. ಮನೆಗೆ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದವನು ಇದೊಂದನ್ನು ಹೇಳಿರಲಿಲ್ಲ.

ಚೆನ್ನಾಗಿ ನುಡಿಸಿದನೋ ಇಲ್ಲವೋ ಹೇಳುವ ಅರ್ಹತೆ ನನಗಿಲ್ಲ. ಎರಡು ಕಡೆ ತಪ್ಪಿದ, ನಕ್ಕು ಮತ್ತೆ ಮೊದಲಿನಿಂದ ಹಿಡಿದುಕೊಂಡ. ತರಗತಿಯಲ್ಲಿ ಮೂವತ್ತು ವರ್ಷ ಮಕ್ಕಳ ಮುಖ ನೋಡಿದವನಿಗೆ ಒಂದು ಗೊತ್ತಾಗುತ್ತದೆ, ಯಾವ ಮುಖ ಪಾಠದೊಳಗಿದೆ, ಯಾವುದು ಗಡಿಯಾರದ ಮೇಲಿದೆ ಎಂದು.

ಟ್ರಾಮಿನಲ್ಲಿ ಮರಳುವಾಗ ಕೇಳಿದೆ, “ಯಾಕೋ ಹೇಳಲಿಲ್ಲ?”

“ನೀವು ಬೇಜಾರು ಮಾಡ್ಕೋತೀರಿ ಅಂತ. ಓದೋದೇನೂ ಹಾಳಾಗಿಲ್ಲ ಅಪ್ಪ, ಮಾರ್ಕ್ಸ್ ಕಾರ್ಡ್ ತೋರಿಸ್ಲಾ?”

ಬೇಡವೆಂದೆ. ಮಾರ್ಕ್ಸ್ ಕಾರ್ಡ್ ಬೇಡವೆಂದದ್ದು ಅದೇ ಮೊದಲು.

ಊರಿಗೆ ಬಂದ ಎರಡನೆಯ ದಿನ ಅಟ್ಟ ಹತ್ತಿದೆ. ಬೀಗದ ಕೈ ಸಿಗಲಿಲ್ಲ, ಸುತ್ತಿಗೆಯಿಂದ ಒಡೆಯಬೇಕಾಯಿತು. ತಂತಿಗಳಿಗೆ ತುಕ್ಕು ಹಿಡಿದಿತ್ತು, ಆರು ಮಳೆಗಾಲದ ತೇವಕ್ಕೆ ಗಿಟಾರಿನ ಕತ್ತು ಬಿಲ್ಲಿನಂತೆ ಬಾಗಿತ್ತು. ಬೆಂಗಳೂರಿನಲ್ಲಿ ವಾದ್ಯ ರಿಪೇರಿ ಮಾಡುವವರೊಬ್ಬರ ಹತ್ತಿರ ಬಸ್ಸಿನಲ್ಲಿ ಒಯ್ದೆ. ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದರು. ಒಳಗೊಂದು ಕಬ್ಬಿಣದ ಸರಳಿರುತ್ತದಂತೆ. ಅದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದರೆ ಕತ್ತು ನೆಟ್ಟಗಾದೀತು, ಒಂದೇ ಸಲಕ್ಕೆ ಬಲ ಹಾಕಿದರೆ ಮುರಿಯುತ್ತದೆ ಎಂದರು.

“ಎಷ್ಟು ದಿನ ಬೇಕು?” ಎಂದೆ.

“ಎರಡು ವಾರ ಬಿಟ್ಟು ಬನ್ನಿ ಸಾರ್. ಗ್ಯಾರಂಟಿ ಕೊಡಲ್ಲ, ನೋಡೋಣ.”

ಮಗ ಜೂನ್‌ನಲ್ಲಿ ಬರುತ್ತಾನೆ. ಮುಂಗಡ ಇನ್ನೂರು ರೂಪಾಯಿ ಕೊಟ್ಟು ಚೀಟಿ ಬರೆಸಿಕೊಂಡು ಬಂದೆ.